ಕರೆಯುವವರು ಮತ್ತು ಬರುವವರು

ಆ ದಿನ ಬೆಳಗ್ಗೆ ಕಲ್ಲು ಅದರ ಜಾಗದಲ್ಲಿ ಇರಲಿಲ್ಲ.

ಪ್ರಪಂಚದಲ್ಲಿ ಇದಕ್ಕಿಂತ ಸಣ್ಣ ಸಂಗತಿ ಬೇಕೆಂದರೆ ಇರುವೆಯ ಮೊಣಕಾಲಿನ ಗಾಯವನ್ನು ಹುಡುಕಿಕೊಂಡು ಹೋಗಬೇಕು. ಆದರೂ ಆ ಒಂದು ಕಲ್ಲಿನಿಂದ ಸಂಜೆಯೊಳಗೆ ಎದ್ದ ರಾದ್ಧಾಂತದ ಮುಂದೆ ನಾನು ಕಣ್ಣಾರೆ ಕಂಡ ಮೂರು ಭೂಕಂಪಗಳೂ ಎರಡು ಮಹಾಪೂರಗಳೂ ಕೂಸಿನ ಬಿಕ್ಕಳಿಕೆಗೆ ಸಮ. ಇದರಲ್ಲಿ ಒಂದಕ್ಷರ ಉತ್ಪ್ರೇಕ್ಷೆಯಿದ್ದರೆ ನನ್ನ ನಾಲಿಗೆ ಇನ್ನಷ್ಟು ಉದ್ದವಾಗಲಿ.

ಅದು ಕರೆಮನೆಯ ಅಂಗಳದ ಕಲ್ಲು. ಕರೆಮನೆ ಎಂದರೆ ಆ ಊರಿನ ಸರ್ಕಾರಿ ಕಚೇರಿ. ಮನುಷ್ಯರ ಕೈಯಲ್ಲಿ ಆಗದ ಕೆಲಸವಿದ್ದರೆ ಜನ ಅಲ್ಲಿಗೆ ಬಂದು ಅರ್ಜಿ ಕೊಡುತ್ತಾರೆ. ಒಳಗಿನ ಕರೆಗಾರರು ನೆಲದ ಮೇಲೆ ಸುಣ್ಣದ ಗೆರೆ ಸುತ್ತಿ, ಬೇರೆ ಲೋಕದಿಂದ ಭೂತವೊಂದನ್ನು ಕರೆದು, ಕೆಲಸ ಮಾಡಿಸಿ ಕಳಿಸುತ್ತಾರೆ. ಭೂತ ಎನ್ನುವುದು ಊರವರ ಮಾತು. ಕಚೇರಿಯ ಕಾಗದಗಳಲ್ಲಿ ಅವರ ಹೆಸರು ‘ಬರುವವರು’.

ವರ್ಷಕ್ಕೊಮ್ಮೆ ಅಲ್ಲಿ ಪರೀಕ್ಷೆ. ತಾತ್ಕಾಲಿಕ ಕರೆಗಾರನಾಗಿ ದುಡಿಯುತ್ತಿರುವವನು ತಪಾಸಣೆ ಸಾಹೇಬರ ಎದುರು ಒಬ್ಬ ಬರುವವನನ್ನು ಕರೆದು, ಕೆಲಸ ಮಾಡಿಸಿ, ಬೀಳ್ಕೊಡಬೇಕು. ಗೆದ್ದರೆ ನೌಕರಿ ಕಾಯಂ. ಪರೀಕ್ಷೆಯ ಕೆಲಸ ಯಾವಾಗಲೂ ಒಂದೇ, ಕಲ್ಲು ಸರಿಸುವುದು. ಎರಡು ಕುಂಬಳಕಾಯಿ ಗಾತ್ರದ ಆ ಕಪ್ಪು ಕಲ್ಲು ಒಂದು ವರ್ಷ ಚರಂಡಿಯ ಬಾಯಿಗೆ ಅಡ್ಡವಾಗಿ ಕೂತಿರುತ್ತದೆ. ಬಂದ ಭೂತ ಎತ್ತಿ ಗೇಟಿನ ಬಳಿ ಇಡುತ್ತದೆ. ಮರುವರ್ಷ ಗೇಟು ತೆರೆಯುವುದಕ್ಕೆ ಅಡ್ಡ. ಆಗ ಇನ್ನೊಂದು ಭೂತ ಬಂದು ಎತ್ತಿ ಚರಂಡಿಯ ಬಾಯಿಗೆ ಇಡುತ್ತದೆ. ಅರವತ್ತು ವರ್ಷದಲ್ಲಿ ಆ ಕಲ್ಲು ನಡೆದ ದೂರವನ್ನು ಕೂಡಿಸಿದರೆ ಭೂಮಿಗೆ ಒಂದು ಸುತ್ತಾಗುತ್ತದೆ. ಆದರೆ ಅಂಗಳ ಬಿಟ್ಟು ಹೊರಗೆ ಹೋದದ್ದಿಲ್ಲ.

ಹೋಗಿದ್ದು ಈ ವರ್ಷವೇ. ಕೊಟ್ಟು ಕಳಿಸಿದವನು ಬೇರೆ ಯಾರೂ ಅಲ್ಲ, ಅಂದು ಪರೀಕ್ಷೆಗೆ ನಿಲ್ಲಬೇಕಾಗಿದ್ದ ಮೂರನೇ ದರ್ಜೆಯ ಕರೆಗಾರ. ಹನ್ನೊಂದು ವರ್ಷದಿಂದ ತಾತ್ಕಾಲಿಕವಾಗಿಯೇ ಇದ್ದುದರಿಂದ ಊರೆಲ್ಲ ಅವನನ್ನು ತಾತ್ಕಾಲಿಕಣ್ಣ ಎಂದೇ ಕರೆಯುತ್ತಿತ್ತು. ‘ಇಲ್ಲ’ ಎಂಬ ಎರಡಕ್ಷರ ಅವನ ಗಂಟಲಲ್ಲಿ ಹುಟ್ಟಿ ಹಲ್ಲಿನ ಹತ್ತಿರ ಬರುವಷ್ಟರಲ್ಲಿ ‘ಆಗ್ಲಿ ಬಿಡಿ’ ಆಗಿಬಿಡುತ್ತಿತ್ತು. ಹತ್ತು ದಿನದ ಹಿಂದೆ ಪಕ್ಕದ ಮನೆಯ ದೊಡ್ಡಮ್ಮ ಬಂದು ಆ ಕಲ್ಲು ಕೇಳಿದಾಗಲೂ ಹಾಗೆಯೇ ಆಯಿತು.

ಖಾಲಿ ಜಾಗ ನೋಡಿದವನೇ ಅವನು ದೊಡ್ಡಮ್ಮನ ಮನೆಗೆ ಓಡಿದ. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು.

“ದೊಡ್ಡಮ್ಮಾ, ಆ ಕಲ್ಲು...”

“ಯಾವ ಕಲ್ಲೋ?”

“ನೀರಿನ ತೊಟ್ಟಿ ಮೇಲಿನ ಹಲಗೆ ಹಾರಬಾರದು ಅಂತ ನಾಲ್ಕು ದಿನದ ಮಟ್ಟಿಗೆ ತಗೊಂಡ್ರಲ್ಲಾ, ಅದು.”

“ಓ, ಅದಾ! ಅದರ ಮೇಲೇ ಕೂತಿದ್ದೀನಲ್ಲೋ.” ದೊಡ್ಡಮ್ಮ ಸೆರಗು ಸರಿಸಿ ತೋರಿಸಿದಳು. “ಮೇಸ್ತ್ರಿ ನೋಡಿದ. ‘ಇಂಥ ಕಲ್ಲು ಹುಡುಕಿದ್ರೂ ಸಿಗಲ್ಲ ಕಣಮ್ಮಾ’ ಅಂದ. ಸಿಮೆಂಟು ಹಾಕಿ ಕೂರಿಸೇಬಿಟ್ಟ. ಇನ್ನು ನೂರು ವರ್ಷ ಅಲ್ಲಾಡಲ್ವಂತೆ.”

“ಇವತ್ತು ನನ್ನ ಪರೀಕ್ಷೆ, ದೊಡ್ಡಮ್ಮಾ!”

“ಒಳ್ಳೇದಾಗ್ಲಿ ಮಗಾ. ನೀನೂ ಹೀಗೇ ಕಾಯಂ ಆಗು. ಅಲ್ಲ, ಒಂದು ಕಲ್ಲಿಗೆ ಒಂದೇ ದಿನಕ್ಕೆ ಆಗೋ ಕೆಲಸ, ನಿನಗೆ ಹನ್ನೊಂದು ವರ್ಷ ಆದ್ರೂ ಆಗಿಲ್ವಲ್ಲೋ?”

ತಾತ್ಕಾಲಿಕಣ್ಣ ಇಂಗು ತಿಂದ ಮಂಗನ ಹಾಗೆ ನಿಂತ. ಅವನ ಮುಖ ನೋಡಿ ದೊಡ್ಡಮ್ಮನಿಗೆ ಎಲ್ಲೋ ಸ್ವಲ್ಪ ಚುರುಕ್ಕೆಂದಿರಬೇಕು. “ತಡಿ, ನಾನೂ ಬರ್ತೀನಿ. ಆ ಸಾಹೇಬನ ಹತ್ರ ನಾನು ಮಾತಾಡ್ತೀನಿ” ಎಂದು ಸೊಪ್ಪಿನ ಬುಟ್ಟಿಯ ಸಮೇತ ಎದ್ದಳು. ಬೇಡ ಎನ್ನಲು ಬಾಯಿ ತೆರೆದವನು “ಆಗ್ಲಿ ಬಿಡಿ” ಎಂದ.

ಮನೆಯಲ್ಲಿ ಹೆಂಡತಿ ಅವನ ಅಂಗಿಗೆ ಇಸ್ತ್ರಿ ಹಾಕಿ ಕಾಯುತ್ತಿದ್ದಳು. ಆ ಮನೆಯ ಗೋಡೆಗೆ ಹನ್ನೊಂದು ವರ್ಷದಲ್ಲಿ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಮದುವೆಯಲ್ಲಿ ಬಂದ ಕಬ್ಬಿಣದ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿರಲಿಲ್ಲ. “ಕಾಯಂ ಆಗ್ಲಿ, ಆಮೇಲೆ” ಎಂಬುದು ಆ ಸಂಸಾರದ ದಿನನಿತ್ಯದ ಮಾತು. ಇಬ್ಬರೂ ತಮ್ಮ ಜೀವನದ ಹೊಸ್ತಿಲ ಮೇಲೆ ಚಪ್ಪಲಿ ಹಾಕಿಕೊಂಡೇ ನಿಂತಂತಿದ್ದರು. ಒಳಗೆ ಹೋಗುವ ಹಾಗಿಲ್ಲ, ಹೊರಗೆ ಹೊರಡುವ ಹಾಗಿಲ್ಲ.

ಕಲ್ಲಿನ ಸುದ್ದಿ ಕೇಳಿ ಅವಳು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿ ಇತ್ತು. “ಈ ವರ್ಷವಾದ್ರೂ ಆಗುತ್ತೇನೋ ಅಂದ್ಕೊಂಡಿದ್ದೆ ಕಣ್ರೀ” ಎಂದಳು, ಅಷ್ಟೆ. ಆಮೇಲೆ ಅವಳೂ ಹೊರಟಳು.

ಕಚೇರಿಯಲ್ಲಿ ಮೊದಲ ದರ್ಜೆಯ ಕರೆಗಾರರಾದ ಹಿರಿಯರೊಬ್ಬರು ಕಾದಿದ್ದರು. ಅವರಿಗೆ ಗೊತ್ತಿಲ್ಲದ ವಿಷಯ ಆಕಾಶದ ಕೆಳಗಿಲ್ಲ, ಆಕಾಶದ ಮೇಲಿನದೂ ಮುಕ್ಕಾಲು ಪಾಲು ಗೊತ್ತು ಎಂದು ಅವರೇ ಹೇಳುತ್ತಿದ್ದರು.

“ಬೇರೆ ಕಲ್ಲು ತಂದಿಟ್ಟು ಸರಿಸಿದ್ರೆ ಆಗಲ್ವಾ ಸಾರ್?” ತಾತ್ಕಾಲಿಕಣ್ಣ ಕೇಳಿದ.

“ಅಯ್ಯಾ, ಹನ್ನೊಂದು ವರ್ಷ ಇಲ್ಲಿ ಏನು ಕಡಿದೆ ನೀನು? ನೀನೇ ತಂದಿಟ್ಟ ತೊಂದರೆಗೆ ನೀನೇ ಕೂಗಿದ್ರೆ ಯಾರಯ್ಯಾ ಬರ್ತಾರೆ?”

ಹಿರಿಯರು ಹೇಳಿದ್ದು ಸರಿ. ಕರೆಯುವುದೆಂದರೆ ಹೊಗೆ, ಗಂಟೆ, ಮಂತ್ರ ಎಂದು ಊರವರು ತಿಳಿದಿದ್ದರು. ಅದೆಲ್ಲ ಬಾಯಿಗೂ ಮೂಗಿಗೂ ಕೆಲಸ ಕೊಡಲಿಕ್ಕಷ್ಟೆ. ನಿಜವಾಗಿ ಬೇಕಾದದ್ದು ಎರಡೇ, ಮುರಿಯದ ಗೆರೆ ಮತ್ತು ಸುಳ್ಳಲ್ಲದ ಕಾರಣ. ಗೆರೆ ಮುರಿದರೆ ಏನಾಗುತ್ತದೆಂದು ತಾತ್ಕಾಲಿಕಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಂದು ವರ್ಷ ಪರೀಕ್ಷೆಯಲ್ಲಿ ಅವನು ಸೀನಿ ಗೆರೆ ಕದಡಿದಾಗ ಭೂತದ ಮುಂದಿನ ಅರ್ಧ ಮಾತ್ರ ಬಂದು, ‘ನನ್ನ ಹಿಂದಿನದೆಲ್ಲಿ’ ಎಂದು ಸಾಯಂಕಾಲದವರೆಗೆ ಅತ್ತಿತ್ತು. ಕಾರಣ ಅದಕ್ಕಿಂತ ಸೂಕ್ಷ್ಮ. ಅದು ಹಗ್ಗವಿದ್ದ ಹಾಗೆ. ಒಂದು ತುದಿ ಕರೆಯುವವನ ಎದೆಗೆ, ಇನ್ನೊಂದು ತುದಿ ಬರುವವನ ಸೊಂಟಕ್ಕೆ. ಎದೆಯ ತುದಿ ಗಟ್ಟಿಯಾಗಿದ್ದರೆ ಎಳೆತ ಅಲ್ಲಿಗೆ ಮುಟ್ಟುತ್ತದೆ. ಕರೆದ ಕೆಲಸ ಮುಗಿಯುವವರೆಗೆ ಹಗ್ಗ ಬಿಚ್ಚುವುದಿಲ್ಲ.

ಆ ದಿನ ಅಂಗಳದಲ್ಲಿ ಚರಂಡಿ ಸರಾಗವಾಗಿ ಹರಿಯುತ್ತಿತ್ತು. ಗೇಟು ಸಲೀಸಾಗಿ ತೆರೆಯುತ್ತಿತ್ತು. ಒಂದೇ ಒಂದು ತೊಂದರೆಯೂ ಉಳಿದಿರಲಿಲ್ಲ. ತಾತ್ಕಾಲಿಕಣ್ಣನಿಗೆ ಅದೇ ತೊಂದರೆ.

ಹನ್ನೊಂದು ಗಂಟೆಗೆ ತಪಾಸಣೆ ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ತೆಳ್ಳಗಿನ ಮನುಷ್ಯ. ನಿಯಮ ಪುಸ್ತಕ ಮಾತ್ರ ಅವರಿಗಿಂತ ದಪ್ಪ. ಅದನ್ನು ಬಿಟ್ಟು ಅವರು ನಿದ್ದೆಯನ್ನೂ ಮಾಡುತ್ತಿರಲಿಲ್ಲ. ಮಗ್ಗುಲು ಬದಲಿಸುವ ಮುಂಚೆ ಪುಟ ತಿರುವಿ ನೋಡುತ್ತಿದ್ದರೆಂದು ನನಗೆ ಖಚಿತವಾಗಿ ಗೊತ್ತು.

“ಶುರು ಮಾಡಿ. ನಾಲ್ಕು ಗಂಟೆ ಗಾಡಿಗೆ ನಾನು ಹೋಗಬೇಕು.”

ತಾತ್ಕಾಲಿಕಣ್ಣ ಗೆರೆ ಎಳೆದ. ಗೆರೆ ಎಲ್ಲೂ ಅಂಕುಡೊಂಕಾಗಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ. ಎದ್ದು ನಿಂತ.

“ಕಾರಣ ಹೇಳಿ” ಎಂದರು ಸಾಹೇಬರು.

ಕಿಟಕಿಯ ಆಚೆಯಿಂದ ದೊಡ್ಡಮ್ಮ, “ನನ್ನ ಮಂಡಿನೋವು ವಾಸಿಯಾಗ್ಲಿ ಅನ್ನೋ!” ಎಂದು ಕೂಗಿದಳು. ಹಿರಿಯರು ಕಿವಿಯಲ್ಲಿ, “ಇಲ್ಲಿ ಸೊಳ್ಳೆ ಜಾಸ್ತಿ, ಹಿಡಿಯೋಕೆ ಅನ್ನು” ಎಂದು ಪಿಸುಗುಟ್ಟಿದರು. ತಾತ್ಕಾಲಿಕಣ್ಣ ಮಂಡಿನೋವು ಎಂದ. ಗೆರೆಯೊಳಗೆ ಏನೂ ಆಗಲಿಲ್ಲ. ನೋವು ಅವಳದು, ಕರೆ ಇವನದು. ಸೊಳ್ಳೆ ಎಂದ. ಒಂದು ಸೊಳ್ಳೆ ಮಾತ್ರ ಬಂದಿತು, ಅದೂ ಕಿಟಕಿಯಿಂದ.

“ಇನ್ನೊಂದೇ ಅವಕಾಶ” ಎಂದರು ಸಾಹೇಬರು. “ನಿಮಗೆ ನಿಜವಾಗಿ ಏನು ಬೇಕು, ಅದನ್ನ ಹೇಳಿ.”

ಹೀಗೆ ಯಾರೂ ಅವನನ್ನು ಕೇಳಿರಲಿಲ್ಲ. ಬಾಗಿಲ ಬಳಿ ಹೆಂಡತಿ ನಿಂತಿದ್ದಳು. ಅವನಿಗೇ ತಿಳಿಯದ ಹಾಗೆ ಬಾಯಿಂದ ಹೊರಬಂತು: “ನನ್ನ ಕೆಲಸ ಕಾಯಂ ಆಗ್ಲಿ, ಸ್ವಾಮಿ. ಅದೊಂದೇ ಬೇಕಾಗಿರೋದು.”

ಕಟ್ಟಡ ಅದುರಿತು. ಮೂರು ಬೀದಿಯಾಚೆ ಒಬ್ಬ ಕ್ಷೌರಿಕನ ಕೈ ಜಾರಿ ಗಿರಾಕಿಯ ಅರ್ಧ ಮೀಸೆ ಹೋಯಿತು. ಹೊಗೆ ಚದುರಿದಾಗ ಗೆರೆಯೊಳಗೆ ಒಬ್ಬ ಬರುವವ ನಿಂತಿದ್ದ. ಒದ್ದೆ ಗೋಣಿಚೀಲದಂಥ ಮೈ, ಮೊರದಗಲ ಕಿವಿ, ನಾಲ್ಕು ಕೈ. ಒಂದರಲ್ಲಿ ಸೌಟು.

“ಬೇಗ ಹೇಳಿ, ಏನು ಕೆಲಸ? ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ” ಎಂದ ಅವನು.

ಹಿರಿಯರು ಚಪ್ಪಾಳೆ ತಟ್ಟಿದರು. ಹೆಂಡತಿ ಕಣ್ಣೊರೆಸಿಕೊಂಡಳು. ತಾತ್ಕಾಲಿಕಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

“ಕರೆ ಯಶಸ್ವಿ” ಎಂದು ಸಾಹೇಬರು ಬರೆದುಕೊಂಡರು. “ಇನ್ನು ಕೆಲಸ ಮಾಡಿಸಿ ಬೀಳ್ಕೊಡಿ.”

“ಕೆಲಸ ನಿಮ್ಮ ಕೈಯಲ್ಲೇ ಇದೆ ಸಾರ್. ನೀವು ನನ್ನ ಕಾಯಂ ಮಾಡಿದ್ರೆ ಇವರು ಹೋಗ್ತಾರೆ.”

ಸಾಹೇಬರು ಪುಸ್ತಕ ತೆರೆದರು. “ನಿಯಮ ಹದಿನೇಳು. ಬಂದವನು ಹೋಗಿ ಗೆರೆ ಖಾಲಿಯಾದ ಮೇಲೆಯೇ ಕಾಯಂ ಆದೇಶ ಕೊಡತಕ್ಕದ್ದು. ಇವನು ಹೋಗಲಿ, ನಾನು ಕೊಡ್ತೀನಿ.”

“ನೀವು ಕೊಡಿ, ನಾನು ಹೋಗ್ತೀನಿ” ಎಂದ ಬಂದವನು.

ಆ ಎರಡು ಮಾತಿನ ತೂಕಕ್ಕೆ ಮೇಜಿನ ಒಂದು ಕಾಲು ಬಾಗಿದ್ದನ್ನು ಈಗಲೂ ತೋರಿಸುತ್ತಾರೆ.

ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು.

“ಇವನು ಹೋಗೋವರೆಗೆ ಇವರು ಕೊಡಲ್ಲ, ಇವರು ಕೊಡೋವರೆಗೆ ಇವನು ಹೋಗಲ್ಲ” ಎಂದು ಹಿರಿಯರು ಬೆರಳು ಮಡಚಿ ಮಡಚಿ ನೋಡಿದರು. “ಗೆರೆ ಅಳಿಸಿಬಿಟ್ರೆ?”

“ಪರೀಕ್ಷೆ ಮುಗಿಯೋವರೆಗೆ ಗೆರೆ ಮುಟ್ಟೋ ಹಾಗಿಲ್ಲ. ನಿಯಮ ಒಂಬತ್ತು.”

ದೊಡ್ಡಮ್ಮ ಸೊಪ್ಪಿನ ಬುಟ್ಟಿ ಹಿಡಿದು ಒಳಗೇ ಬಂದುಬಿಟ್ಟಳು. “ಅಲ್ಲಪ್ಪಾ ಸಾಹೇಬ, ಒಂದು ಕ್ಷಣ ಕಣ್ಣು ಮುಚ್ಕೊಂಡು ಕೊಟ್ಟುಬಿಡು. ಯಾರು ನೋಡ್ತಾರೆ?”

“ನಾನು ನೋಡ್ತೀನಮ್ಮ” ಎಂದರು ಸಾಹೇಬರು.

“ಕಣ್ಣು ಮುಚ್ಕೊಂಡಿರ್ತೀಯಲ್ಲೋ!”

ಅಷ್ಟರಲ್ಲಿ ಬಂದವನು ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ, “ಹಾಲು ಇಷ್ಟೊತ್ತಿಗೆ ಅಂಚಿಗೆ ಬಂದಿರುತ್ತೆ” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಬೇರೆ ಯಾರ ಕಿವಿಗೂ ಅದು ಬೀಳಲಿಲ್ಲ, ತಾತ್ಕಾಲಿಕಣ್ಣನ ಕಿವಿಗೆ ಬಿತ್ತು.

ಗಂಟೆ ಒಂದಾಯಿತು, ಎರಡಾಯಿತು. ಹಿರಿಯರಿಗೂ ಸಾಹೇಬರಿಗೂ ನಿಯಮ ಹದಿನೇಳರ ಮೇಲೆ ಜಟಾಪಟಿ ನಡೆದೇ ಇತ್ತು. ದೊಡ್ಡಮ್ಮ ಇಬ್ಬರಿಗೂ ನಡುನಡುವೆ ಬುದ್ಧಿ ಹೇಳುತ್ತಿದ್ದಳು. ತಾತ್ಕಾಲಿಕಣ್ಣ ಗೆರೆಯ ಪಕ್ಕದಲ್ಲಿ ನೆಲಕ್ಕೆ ಕೂತ. ಬಂದವನೂ ಒಳಗೆ ಕೂತ. ನಡುವೆ ಒಂದು ಬೆರಳಗಲದ ಸುಣ್ಣ.

“ಮನೇಲಿ ಯಾರಿದ್ದಾರೆ?” ಎಂದು ಕೇಳಿದ ತಾತ್ಕಾಲಿಕಣ್ಣ. ಹನ್ನೊಂದು ವರ್ಷದಲ್ಲಿ ಆ ಕಚೇರಿಯ ಯಾರೂ ಯಾವ ಭೂತವನ್ನೂ ಇದನ್ನು ಕೇಳಿರಲಿಲ್ಲ.

“ತಾಯಿ ಇದ್ದಾರೆ. ಎದ್ದು ಓಡಾಡಲ್ಲ. ಅವರಿಗೇ ಹಾಲು.”

“ಕರೆದಾಗ ಬರಲ್ಲ ಅನ್ನೋಕಾಗಲ್ವಾ?”

ಬಂದವನು ನಕ್ಕ. “ನಿಮಗೆ ಇಲ್ಲ ಅನ್ನೋಕೆ ಬರುತ್ತಾ ಅಣ್ಣಾ? ಹಗ್ಗ ಎಳೆದ ಹಾಗಾಗುತ್ತೆ. ಆ ಕಡೆ ಯಾರೋ ಎಷ್ಟು ಬೇಕು ಬೇಕು ಅಂತಿದ್ದಾರೋ ಅಷ್ಟು ಜೋರಾಗಿ. ನಿಮ್ಮದಂತೂ ಅಬ್ಬಬ್ಬಾ! ಸೊಂಟ ಮುರಿದೇ ಹೋಯ್ತು ಅಂದ್ಕೊಂಡೆ.”

ತಾತ್ಕಾಲಿಕಣ್ಣ ಯೋಚಿಸಿದ. ಅವನು ಯೋಚಿಸಿದ್ದು ಅದೇ ಮೊದಲು ಎನ್ನಲಾರೆ, ಆದರೆ ಅಷ್ಟು ಆಳಕ್ಕೆ ಇಳಿದದ್ದು ಅದೇ ಮೊದಲು. ನಮ್ಮ ಎದೆಯಲ್ಲಿ ಒಂದು ಬೇಕು ಹುಟ್ಟುತ್ತದೆ. ಅದು ನಮ್ಮದೇ ಗುಟ್ಟು, ಯಾರಿಗೂ ತಾಗದು ಎಂದುಕೊಂಡಿರುತ್ತೇವೆ. ಆದರೆ ಎಲ್ಲೋ ಕಾಣದ ಅಡುಗೆಮನೆಯಲ್ಲಿ ಯಾರೋ ಸೌಟು ಹಿಡಿದವರು ಅದರಿಂದ ಜಗ್ಗಿ ಬೀಳುತ್ತಾರೆ. ಹನ್ನೊಂದು ವರ್ಷ ತಾನು ದಿನಾ ಬೇಕು ಎಂದದ್ದರಲ್ಲಿ ಎಷ್ಟು ಜನರ ಹಾಲು ಉಕ್ಕಿ ಹೋಗಿದೆಯೋ. ಬಾಗಿಲ ಬಳಿ ನಿಂತೇ ಇದ್ದ ಹೆಂಡತಿಯನ್ನು ಅವನು ಒಮ್ಮೆ ನೋಡಿದ.

“ನನಗೆ ಬೇಡ ಅನ್ನಿಸಿದ್ರೆ ನೀವು ಹೋಗಬಹುದಾ?”

“ಕಾರಣವೇ ಇಲ್ಲದಿದ್ರೆ ಹಗ್ಗ ಎಲ್ಲಿ? ಆದ್ರೆ ಬಾಯಿಮಾತಿಗೆ ಆಗಲ್ಲ. ನಿಜವಾಗ್ಲೂ ಬೇಡ ಅನ್ನಿಸಬೇಕು.”

ತಾತ್ಕಾಲಿಕಣ್ಣ ಕಣ್ಣು ಮುಚ್ಚಿದ. ಹಾಲಿಗೆ ಕಾಯುತ್ತಿರುವ ಆ ಮುದುಕಿಯನ್ನು ನೆನೆದ. ಕಾಯಂ ಆದರೂ ಇದೇ ಕುರ್ಚಿ, ಇದೇ ಸುಣ್ಣ, ಇದೇ ಹಿರಿಯರು ಎಂದು ನೆನೆದ. ಈವರೆಗೆ ತಾನು ಬದುಕಿದ್ದು ತಾತ್ಕಾಲಿಕವೇನಲ್ಲ, ಅಷ್ಟೂ ವರ್ಷ ನಿಜವಾಗಿಯೇ ಕಳೆದಿದೆ ಎಂಬುದೂ ಹೊಳೆಯಿತು. ಎದೆಯಲ್ಲೆಲ್ಲೋ ಒಂದು ಗಂಟು ತಾನಾಗಿ ಸಡಿಲವಾಯಿತು.

“ಬೇಡ” ಎಂದ. ಹುಟ್ಟಿದಾಗಿನಿಂದ ಆ ಪದವನ್ನು ಅವನು ಮನಸಾರೆ ಹೇಳಿದ್ದು ಅದೇ ಮೊದಲು.

ಪುಸ್ ಎಂದು ಸದ್ದಾಯಿತು. ಗೆರೆಯೊಳಗೆ ಯಾರೂ ಇರಲಿಲ್ಲ.

ಸಾಹೇಬರು ಎದ್ದು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಬೀಳ್ಕೊಡುಗೆ ನೋಡಿಲ್ಲ ಕಣ್ರೀ! ಕೆಲಸ ಮಾಡಿಸದೆ, ಬೈಯದೆ, ಹೆದರಿಸದೆ... ಕರೆ ಆಯ್ತು, ಬೀಳ್ಕೊಡುಗೆ ಆಯ್ತು, ಗೆರೆ ಖಾಲಿ. ನೀವು ಗೆದ್ರಿ!” ಎಂದು ಆದೇಶದ ಕಾಗದಕ್ಕೆ ಸಹಿ ಗೀಚಿ, ಮೊಹರು ಒತ್ತಿ, ಮುಂದೆ ಚಾಚಿದರು. “ನಿಯಮ ಹದಿನೆಂಟು. ಸ್ವಂತ ಕೈಯಿಂದ, ಮನಃಪೂರ್ವಕವಾಗಿ ಸ್ವೀಕರಿಸಿ. ಆಗಲೇ ಕಾಯಂ.”

ಹೆಂಡತಿ “ರೀ!” ಎಂದಳು. ಆ ಒಂದಕ್ಷರದಲ್ಲಿ ಹನ್ನೊಂದು ವರ್ಷವಿತ್ತು. ತಾತ್ಕಾಲಿಕಣ್ಣನ ಎದೆ ಹೂವಿನಂತೆ ಅರಳಿತು. ಕೈ ಚಾಚಿದ.

ಕಟ್ಟಡ ಅದುರಿತು. ಗೆರೆಯೊಳಗೆ ಸೌಟು ಹಿಡಿದವನು ನಿಂತಿದ್ದ. “ಇನ್ನೂ ಒಲೆ ಆರಿಸಿರಲಿಲ್ಲ ಅಣ್ಣಾ!”

ಸಾಹೇಬರು ಕಾಗದ ಹಿಂದಕ್ಕೆಳೆದುಕೊಂಡರು. “ಗೆರೆ ಖಾಲಿ ಇಲ್ಲ.”

“ಕಾರಣ ಸತ್ತಿರಲಿಲ್ಲ ಕಣಯ್ಯಾ, ನಿದ್ದೆ ಹೋಗಿತ್ತು ಅಷ್ಟೆ” ಎಂದು ಹಿರಿಯರು ಹಣೆ ಚಚ್ಚಿಕೊಂಡರು.

ತಾತ್ಕಾಲಿಕಣ್ಣ ಮತ್ತೆ ಕಣ್ಣು ಮುಚ್ಚಿ ಮುದುಕಿಯನ್ನು ನೆನೆದು ಬೇಡ ಎಂದ. ಪುಸ್. ಕಾಗದ ಮುಂದೆ ಬಂತು. ಕಾಗದ ಕಂಡ ಕೂಡಲೇ ಎದೆ ಅರಳಿತು. ಧಡ್! ಈ ಸಲ ಬಂದವನ ಹೆಗಲ ಮೇಲೆ ಮಸಿಬಟ್ಟೆಯಿತ್ತು. ಕಾಗದ ಹಿಂದಕ್ಕೆ ಹೋಯಿತು.

“ಕಾಗದದ ಕಡೆ ನೋಡ್ಬೇಡ್ವೋ!” ಎಂದಳು ದೊಡ್ಡಮ್ಮ. ನೋಡದೆ ಕೈ ಚಾಚಿದ. ನೋಡದಿದ್ದರೆ ಇನ್ನೂ ಚೆಂದವಾಗಿ ಕಂಡಿತು. ಧಡ್! ಈ ಸಲ ಬಂದವನು ತಾಯಿಗೆ ಉಳಿದಷ್ಟು ಹಾಲು ಕುಡಿಸಿ ಖಾಲಿ ಲೋಟ ಹಿಡಿದು ಬಂದಿದ್ದ. “ಬೇರೇನಾದ್ರೂ ಯೋಚ್ನೆ ಮಾಡು, ನಿನ್ನ ಸಾಲುಸಾಲು ತಪ್ಪುಗಳನ್ನ ನೆನೆಸ್ಕೋ” ಎಂದರು ಹಿರಿಯರು. ನೆನೆಸಿಕೊಂಡ. ಕಾಯಂ ಆದರೆ ಅವೆಲ್ಲ ಮಾಫಿ ಎಂಬುದೂ ನೆನಪಾಯಿತು. ಧಡ್! ಬಂದವನ ಅರ್ಧ ಗಡ್ಡ ಹೆರೆದಾಗಿತ್ತು.

“ಅವನ ಜೇಬಿಗೆ ತುರುಕಿಬಿಡಪ್ಪಾ ಸಾಹೇಬ” ಎಂದಳು ದೊಡ್ಡಮ್ಮ.

“ಮನಃಪೂರ್ವಕವಾಗಿ ಅಂತಿದೆಯಮ್ಮ. ಬೇಕು ಅಂತ ತಗೊಳ್ಳಬೇಕು.”

“ಬೇಕು ಅಂದ್ರೆ ಅದು ಬರುತ್ತೆ, ಬೇಡ ಅಂದ್ರೆ ಇದು ಬರಲ್ಲ. ಇದ್ಯಾವ ಸೀಮೆ ನಿಯಮನಪ್ಪಾ?”

“ಬರೆದವರು ತೀರಿಹೋಗಿದ್ದಾರೆ” ಎಂದರು ಸಾಹೇಬರು, ಸ್ವಲ್ಪ ನಾಚಿಕೆಯಿಂದ.

ಏಳು ಸಲ ಬಂದ, ಏಳು ಸಲ ಹೋದ. ಏಳನೆಯ ಸಲದ ಹೊತ್ತಿಗೆ ಕಚೇರಿಯ ಹಂಚುಗಳು ಅದುರಿ ಅದುರಿ ಬಾಚಿದ ಕೂದಲಿನ ಹಾಗೆ ಒಂದೇ ಕಡೆಗೆ ಮಲಗಿದ್ದವು. ಕಿಟಕಿಗೆ ಜೋತುಬಿದ್ದ ಜನ ಧಡ್ ಎಂದರೆ ‘ಬಂದ’ ಎಂದೂ ಪುಸ್ ಎಂದರೆ ‘ಹೋದ’ ಎಂದೂ ಒಕ್ಕೊರಲಿನಿಂದ ಕೂಗುತ್ತಿದ್ದರು. ತಾತ್ಕಾಲಿಕಣ್ಣ ಬೆವರಿ ತೊಪ್ಪೆಯಾಗಿದ್ದ. ಒಂದನ್ನು ನಿಜವಾಗಿ ಬಿಡುವುದು ಕಷ್ಟವೇನಲ್ಲ, ಏಳು ಸಲ ಬಿಟ್ಟಿದ್ದ. ಬಿಟ್ಟದ್ದು ಕೈಗೆ ಬರುವಾಗ ಬಿಟ್ಟೇ ಇರುವುದು ಹೇಗೆಂದು ಮಾತ್ರ ಅವನಿಗೆ ತಿಳಿಯಲಿಲ್ಲ. ನಿಮಗೆ ತಿಳಿದಿದ್ದರೆ ನನಗೂ ಹೇಳಿ, ನಾನು ಬಲ್ಲ ಕೋಟ್ಯಂತರ ಸಂಗತಿಗಳಲ್ಲಿ ಅದೊಂದು ಇನ್ನೂ ಸೇರಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ. ಎಂಟನೆಯ ಸಲ ಧಡ್ ಎಂದಿತು. ಕೂಗುತ್ತಿದ್ದವರು ಬಂದವನನ್ನು ನೋಡಲು ಕಿಟಕಿಯೊಳಕ್ಕೆ ಕತ್ತು ತೂರಿಸಿದರು. ಅವನ ಗಡ್ಡ ನುಣ್ಣಗಾಗಿತ್ತು. ಮೈಮೇಲೆ ಹೊಸ ಕೋಟು, ಎದೆಯ ಮೇಲೆ ಥಳಥಳ ಹೊಳೆಯುವ ಹಿತ್ತಾಳೆಯ ಬಿಲ್ಲೆ.

ಅವನು ನಾಲ್ಕೂ ಕೈ ಜೋಡಿಸಿದ. “ಅಣ್ಣಾ! ನನ್ನ ಕೆಲಸ ಕಾಯಂ ಆಯ್ತು!”

“ಏನು?” ಎಂದ ತಾತ್ಕಾಲಿಕಣ್ಣ.

“ನಮ್ಮ ಕಡೆಯೂ ಕಚೇರಿ ಅಲ್ವಾ? ಹದಿನೈದು ಸಲ ಕರೆಗೆ ಬಂದು ಹೋದವರಿಗೆ ಕಾಯಂ. ಮೂರನೇ ದರ್ಜೆಯವರನ್ನ ಯಾರು ಕರೀತಾರೆ? ಹತ್ತೊಂಬತ್ತು ವರ್ಷದಲ್ಲಿ ನನಗೆ ಬಂದಿದ್ದು ಎಂಟೇ ಕರೆ. ಇವತ್ತು ಒಂದೇ ದಿನ ಏಳು! ನಮ್ಮ ಸಾಹೇಬರು ಮನೆಗೇ ಬಂದು ಬಿಲ್ಲೆ ಚುಚ್ಚಿದ್ರು. ಅಮ್ಮ ಎದ್ದು ಕೂತ್ಕೊಂಡ್ರು ಅಣ್ಣಾ, ಎರಡು ವರ್ಷದ ಮೇಲೆ. ಇನ್ನು ನಾನು ಮೊದಲನೇ ದರ್ಜೆ. ನಿಮ್ಮ ಮೂರನೇ ದರ್ಜೆಯ ಕರೆಗೆ ಬರೋ ಹಾಗಿಲ್ಲ. ಹೇಳಿ ಹೋಗೋಣ ಅಂತ ಕೊನೇ ಸಲ ಬಂದೆ.”

ತಾತ್ಕಾಲಿಕಣ್ಣನಿಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಎರಡೂ ಒಟ್ಟಿಗೆ ಎದ್ದ ಗಲಿಬಿಲಿಯಲ್ಲಿ ತನಗೆ ಏನು ಬೇಕಾಗಿತ್ತೆಂಬುದೇ ಅವನಿಗೆ ಒಂದು ಗಳಿಗೆ ಮರೆತುಹೋಯಿತು. ಪುಸ್.

“ಗೆರೆ ಖಾಲಿ!” ಸಾಹೇಬರು ಕಾಗದ ಹಿಡಿದು ಓಡಿಬಂದರು. “ತಗೊಳ್ರೀ, ಬೇಗ!”

“ಇನ್ನು ಬರಲ್ವಂತಲ್ಲೋ ಅವನು!” ದೊಡ್ಡಮ್ಮ ಬೆನ್ನಿಗೆ ಗುದ್ದಿದಳು. “ಹೊಟ್ಟೆ ತುಂಬಾ ಬೇಕು ಅಂದ್ಕೊಂಡು ತಗೋ!”

ಹೌದಲ್ಲ! ತಾತ್ಕಾಲಿಕಣ್ಣನ ಮುಖ ಬೆಳಗಿತು. ಹನ್ನೊಂದು ವರ್ಷದಿಂದ ಅಮುಕಿಟ್ಟ ಬೇಕುಗಳೆಲ್ಲ ಒಮ್ಮೆಗೇ ಎದ್ದು ನಿಂತವು. ಎರಡೂ ಕೈ ಚಾಚಿದ. ಬೆರಳ ತುದಿಗೆ ಕಾಗದದ ಅಂಚು ತಾಗಿಯೂ ತಾಗಿತು.

ಧಡ್!

ಹೊಗೆಯೊಳಗೆ ಹೊಸಬನೊಬ್ಬ ನಿಂತಿದ್ದ. ಕಡ್ಡಿಯಂಥ ಮೈ, ಅರ್ಧ ಬಾಚಿದ ತಲೆ, ಹಲ್ಲಿನಲ್ಲಿ ಕಚ್ಚಿದ ಬಾಚಣಿಗೆ. ಅದನ್ನು ತೆಗೆದು ಗಾಬರಿಯಿಂದ ಬಗ್ಗಿ ನಮಸ್ಕರಿಸಿದ.

“ಕ್ಷಮಿಸ್ಬೇಕು ಸಾರ್, ತಡವಾಯ್ತಾ? ಅವರ ಜಾಗಕ್ಕೆ ಈಗಷ್ಟೇ ನನ್ನನ್ನ ಹಾಕಿದ್ರು. ತಾತ್ಕಾಲಿಕ. ಇದೇ ಮೊದಲನೇ ಕರೆ.”

ಸಾಹೇಬರು ಗಡಿಯಾರ ನೋಡಿದರು. ಆದೇಶವನ್ನು ಎರಡಾಗಿ ಮಡಚಿ ಚೀಲಕ್ಕೆ ಹಾಕಿದರು. “ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ನೋಡೋಣ” ಎಂದು ಗಾಡಿ ಹಿಡಿಯಲು ಓಡಿದರು. ಜನ ಚದುರಿದರು. ದೊಡ್ಡಮ್ಮನಿಗೆ ಸೊಪ್ಪಿನ ನೆನಪಾಯಿತು. ಹಿರಿಯರು ಹಂಚು ಎಣಿಸಲು ಹೋದರು. ಹೆಂಡತಿ ಬಂದು ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಗೆರೆಯೊಳಗಿನವನು ಅತ್ತ ಇತ್ತ ನೋಡಿ, ಮೆಲ್ಲಗೆ ಕೇಳಿದ. “ಸಾರ್, ನೀವೂ ತಾತ್ಕಾಲಿಕವಾ? ಎಷ್ಟು ವರ್ಷದಿಂದ ಬೇಕು ಬೇಕು ಅಂತಿದ್ದೀರಿ?”

“ಹನ್ನೊಂದು ಆಯ್ತು. ಇವತ್ತಿಂದ ಹನ್ನೆರಡು.”

“ಇನ್ನೂ ಬಿಡೋಕಾಗಿಲ್ವಾ?”

ತಾತ್ಕಾಲಿಕಣ್ಣ ಹೆಂಡತಿಯ ಮುಖ ನೋಡಿದ, ಸಾಹೇಬರು ಹೋದ ದಾರಿ ನೋಡಿದ. “ಇಲ್ಲ ಕಣಯ್ಯಾ” ಎಂದ.

ಹೊಸಬನ ಕಡ್ಡಿಯಂಥ ಮೈಗೆ ಜೀವ ಬಂತು. ಅವನು ಗೆರೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತು, ಬಾಚಣಿಗೆ ತೆಗೆದು ನೆಮ್ಮದಿಯಾಗಿ ಉಳಿದರ್ಧ ತಲೆ ಬಾಚತೊಡಗಿದ.

“ಹಾಗಾದ್ರೆ ನನ್ನ ಕೆಲಸಕ್ಕೇನೂ ಭಯ ಇಲ್ಲ ಬಿಡಿ, ಸಾರ್.”